ಒಂಟೆಯ ಮುಂದಿನ ಹಲಗೆ

ಗಾಣಗಾಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಇನ್ನೂ ಒಂದು ಮೈಲಿ ಇರುವಾಗ, ಎಡಗಡೆ ಒಂದು ತೋಟವಿತ್ತು. ದತ್ತನ ದರ್ಶನಕ್ಕೆ ಬಂದವರಿಗೆ ಊರೊಳಗಿನ ಲಾಡ್ಜುಗಳಲ್ಲಿ ಜಾಗ ಸಿಗದಿದ್ದಾಗ ಉಳಿಯಲೆಂದು ಗುತ್ತಿಗೆದಾರರೊಬ್ಬರು ಅಲ್ಲಿ ನಾಲ್ಕು ಕೋಣೆ ಕಟ್ಟಿಸಿದ್ದರು. ಕೋಣೆಗಳ ಮುಂದೆ ಬೇವಿನ ಗಿಡಗಳ ನಡುವೆ ಸುತ್ತಿ ಬರುವ ಕಾಲುದಾರಿ. ದಾರಿಯುದ್ದಕ್ಕೂ ಸಿಮೆಂಟಿನ ಪ್ರಾಣಿಗಳು. ಹನ್ನೊಂದು ಇದ್ದವು. ಪ್ರತಿ ಪ್ರಾಣಿಯ ಮುಂದೆ ಗೂಟಕ್ಕೆ ಬಡಿದ ಹಸಿರು ಹಲಗೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಅದರ ಹೆಸರು. ಸುತ್ತಲಿನವರು ಅದನ್ನು ಗೊಂಬಿ ತೋಟ ಎನ್ನುತ್ತಿದ್ದರು.

ನಾನು ಅತನೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನಮ್ಮ ಮನೆ ಆಳಂದದ ಕಡೆಯದು, ಹೆಂಡತಿಯ ತವರು ಜೇವರ್ಗಿಯ ಕಡೆ. ಎಪ್ಪತ್ಮೂರರ ಬೇಸಿಗೆಯಲ್ಲಿ ಲಗ್ನವಾಯಿತು. ಅಪ್ಪ ಅವ್ವ ನಮ್ಮ ಜೊತೆಗೇ ಅತನೂರಿನಲ್ಲಿದ್ದರು. ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನೀರು ಬೇಕಾದರೆ ನಾನು ಗೋಡೆಗೆ ಹೇಳುತ್ತಿದ್ದೆ. ಅವಳು ತಂದು ಹೊಸ್ತಿಲ ಮೇಲೆ ಇಡುತ್ತಿದ್ದಳು. ಲಗ್ನವಾಗಿ ವರ್ಷ ತುಂಬಿದ ದಿನ ನಾನು ಅವ್ವನಿಗೆ ಗಾಣಗಾಪುರಕ್ಕೆ ಹೋಗಿಬರುತ್ತೇವೆ ಎಂದೆ. ನಮ್ಮದು ಲಿಂಗ ಕಟ್ಟುವ ಮನೆ, ಅಲ್ಲಿ ನಮ್ಮ ಹರಕೆ ಏನೂ ಇರಲಿಲ್ಲ. ಆದರೂ ದೇವರ ಊರಿನ ಹೆಸರು ಕೇಳಿ ಅವ್ವ ಬೇಡವೆನ್ನಲಿಲ್ಲ. ನಾವು ಊರಿನ ತನಕ ಹೋಗದೆ ಗೊಂಬಿ ತೋಟದ ಹತ್ತಿರವೇ ಬಸ್ಸಿಳಿದೆವು.

ಅವಳಿಗೆ ಓದು ಬರುತ್ತಿರಲಿಲ್ಲ. ಮಾಸ್ತರನ ಹೆಂಡತಿಗೆ ಅಕ್ಷರ ಬರುವುದಿಲ್ಲವೆಂಬುದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಆನೆಯ ಮುಂದೆ ನಿಂತು, ಅವಳ ತೋರುಬೆರಳು ಹಿಡಿದು ಹಲಗೆಯ ಮೇಲೆ ಇಟ್ಟೆ.

"ಇದು ಆ. ಇದು ನೆ. ಏನಾತು?"

"ಆನಿ."

"ಆನಿ ಅಲ್ಲ, ಆನೆ. ಬರದದ್ದು ಓದಬೇಕು."

"ಆನೀನ ನಿಂತದಲ್ರಿ ಎದುರಿಗೆ. ಮತ್ತ ಬರದದ್ದು ಯಾಕ ಬೇಕು?" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಅವಳ ನಗೆಯ ದನಿಯನ್ನು ನಾನು ಮೊದಲ ಬಾರಿ ಕೇಳಿದ್ದು ಅಲ್ಲಿ. ಆ ಮಾತನ್ನು ನಾನು ಆಗ ಹಾಸ್ಯವೆಂದಷ್ಟೇ ತಿಳಿದೆ.

ಹನ್ನೊಂದೂ ಹಲಗೆಗಳನ್ನು ಮೂರು ಸುತ್ತು ಓದಿಸಿದೆ. ಮೂರನೆಯ ಸುತ್ತಿನಲ್ಲಿ ಅವಳು ನನಗಿಂತ ಮುಂದೆ ನಡೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ನವಿಲು, ಮೊಸಳೆ, ಜಿಂಕೆ, ಒಂದೂ ತಪ್ಪಲಿಲ್ಲ. ಆ ರಾತ್ರಿ ಅಲ್ಲಿಯ ಕೋಣೆಯಲ್ಲಿ ಉಳಿದು ಮರುದಿನ ಮನೆಗೆ ಬಂದೆವು. ಒಂದೇ ದಿನದಲ್ಲಿ ಹೆಂಡತಿಗೆ ಓದು ಕಲಿಸಿದೆನೆಂದು ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಮಕ್ಕಳ ಎದುರಿಗೆ ಅದನ್ನು ಹೇಳಿ ಚಪ್ಪಾಳೆ ಹೊಡೆಸಿದರು. ಮನೆಗೆ ಬಂದು ಅದನ್ನೂ ಅವಳಿಗೆ ಹೇಳಿದೆ. ಮುಂದಿನ ಎರಡು ವರ್ಷವೂ ಅದೇ ದಿನ ಅಲ್ಲಿಗೆ ಹೋದೆವು. ಅವಳು ಹಲಗೆ ಓದುತ್ತಿದ್ದಳು, ನಾನು ಹಿಂದೆ ಕೈ ಕಟ್ಟಿಕೊಂಡು ನಡೆಯುತ್ತಿದ್ದೆ. ಮನೆಯಲ್ಲಿ ಮುಂದಿನ ಪಾಠ ಮಾಡಲು ನನಗೆ ಪುರುಸೊತ್ತಾಗಲಿಲ್ಲ. ಸಹಿ ಮಾತ್ರ ಕಲಿಸಿದೆ. ಅದನ್ನು ಅವಳು ರಂಗೋಲಿ ಹಾಕಿದಷ್ಟು ಚೆಂದ ಬರೆಯುತ್ತಿದ್ದಳು.

ಎಪ್ಪತ್ತಾರರಲ್ಲಿ ನಮಗೆ ಎರಡನೆಯ ಮಗಳು ಹುಟ್ಟಿದಳು. ಆ ವರ್ಷ ಸರಕಾರಿ ನೌಕರರಿಗೆಲ್ಲ ಸಂತಾನ ನಿಯಂತ್ರಣದ ಆಪರೇಷನ್ನಿಗೆ ಜನರನ್ನು ಕರೆತರಬೇಕೆಂಬ ಹುಕುಂ ಇತ್ತು. ಹಳ್ಳಿಗಳಲ್ಲಿ ಫಾರ್ಮ್ ತುಂಬುವ ಕೆಲಸಕ್ಕೆ ನಮ್ಮನ್ನು ಹಾಕಿದ್ದರು. ಮಣ್ಣೂರಿನಲ್ಲಿ ನಮ್ಮನ್ನು ಕಂಡರೆ ಗಂಡಸರು ಹೊಳೆಯ ಕಡೆ ಓಡುತ್ತಿದ್ದರು. ಒಂದು ದಿನ ಶಿಕ್ಷಣ ಇಲಾಖೆಯ ಸಾಹೇಬರು ನನ್ನನ್ನು ಕರೆದು, ಎರಡು ಮಕ್ಕಳಿರುವ ಮಾಸ್ತರರು ಮೊದಲು ತಮ್ಮ ಮನೆಯಿಂದ ಒಂದು ಫಾರ್ಮ್ ಕೊಡಬೇಕು ಎಂದರು. ನಾನೇ ಮಾಡಿಸಿಕೊಳ್ಳಬಹುದಿತ್ತು. ಗಂಡಸರಿಗೆ ಅದು ಸಣ್ಣ ಕೆಲಸವೆಂದು ಊರೂರಿಗೆ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಆದರೆ ನನಗೆ ಹೆದರಿಕೆಯಿತ್ತು.

ಹೆಂಡತಿಯ ಹೆಸರಿನ ಫಾರ್ಮಿನ ಖಾಲಿ ಜಾಗಗಳನ್ನು ನನ್ನ ಕೈಯಾರೆ ತುಂಬಿದೆ. ಸಂಜೆ ಮನೆಗೆ ತಂದೆ. ಅವಳು ಕೂಸಿಗೆ ಹಾಲು ಕುಡಿಸುತ್ತಿದ್ದಳು, ಅವ್ವ ಪಡಸಾಲೆಯಲ್ಲಿದ್ದಳು. ವಿಷಯವನ್ನು ಬಾಯಿಂದ ಹೇಳುವುದು ನನಗೆ ಕಷ್ಟವಾಗಿತ್ತು. ಕಾಗದವನ್ನು ಅವಳ ಮುಂದಿಟ್ಟು "ಓದಿ ಸಹಿ ಮಾಡು" ಎಂದು ಹೊರಗೆ ಹೋದೆ. ಎಷ್ಟು ಹೊತ್ತು ಹೊರಗಿದ್ದೆನೋ ಸರಿಯಾಗಿ ನೆನಪಿಲ್ಲ, ಎರಡು ಬೀಡಿ ಸೇದುವಷ್ಟು ಇರಬೇಕು. ಒಳಗೆ ಬಂದಾಗ ಸಹಿಯಾಗಿತ್ತು.

"ಓದಿದೇನು?"

"ಓದೀನ್ರಿ."

"ಎಲ್ಲಾ?"

"ಹೂಂನ್ರಿ."

"ನಾಳಿಗೆ ಜೀಪು ಬರ್ತದ. ನಾ ಮಣ್ಣೂರಾಗ ಇರ್ತೇನಿ. ಅವ್ವನ್ನ ಕರಕೊಂಡು ದವಾಖಾನಿಗೆ ಹೋಗು."

ನಮ್ಮಿಬ್ಬರ ನಡುವೆ ಆದ ಮಾತು ಇಷ್ಟೇ. ಅವಳು ಹೋದಳು, ಎಂಟನೆಯ ದಿನ ಬಂದಳು. ಅವಳು ಮೊದಲಿನಂತೆ ಇರಲಿಲ್ಲ. ಕೂಸಿನ ಕಡೆ ನೋಡಿಕೊಂಡೇ ನನ್ನ ಜೊತೆ ಮಾತಾಡುತ್ತಿದ್ದಳು. ಅದು ದೇಹದ ನೋವು ಎಂದುಕೊಂಡೆ. ಓದಿ, ತಿಳಿದು, ಒಪ್ಪಿ ಮಾಡಿದ್ದಾಳೆ ಎಂಬ ಸಮಾಧಾನ ನನಗಿತ್ತು. ಮರುವರ್ಷ ಲಗ್ನದ ದಿನ ಗೊಂಬಿ ತೋಟಕ್ಕೆ ಹೋಗೋಣವೇ ಎಂದಾಗ "ಕೂಸಿಗೆ ಬಿಸಿಲಾಗ್ತದ" ಎಂದಳು. ಅದರ ಮರುವರ್ಷ ನಾನು ಕೇಳಲಿಲ್ಲ.

ತೊಂಬತ್ತನಾಲ್ಕರಲ್ಲಿ ಎರಡನೆಯವಳ ಲಗ್ನವನ್ನೂ ಮುಗಿಸಿ, ಅಪ್ಪ ಅವ್ವನೂ ಇಲ್ಲದೆ ನಾವಿಬ್ಬರೇ ಉಳಿದಾಗ, ಆಳಂದದಲ್ಲಿದ್ದ ಹಿರಿಯ ಮಗಳು ಬಂದು, "ಅಪ್ಪಾ, ಅವ್ವನ್ನ ಎಲ್ಲಿಗಾದ್ರೂ ಕರಕೊಂಡು ಹೋಗು. ನಿಮ್ಮ ಲಗ್ನದ ದಿನ ಬಂತು" ಎಂದಳು. ಗೊಂಬಿ ತೋಟ ಈಗ ಬೇರೆಯವರ ಕೈಗೆ ಹೋಗಿ ದೊಡ್ಡದಾಗಿದೆ, ಮಕ್ಕಳ ರೈಲು ಬಂದಿದೆ, ಹತ್ತು ಕೋಣೆಗಳಾಗಿವೆ ಎಂದು ಕೇಳಿದ್ದೆ. ಹೇಳಿದಾಗ ಹೆಂಡತಿ "ಹೋಗೂನಂತ" ಎಂದಳು. ಲಗ್ನದ ಇಳಕಲ್ ಸೀರೆ ತೆಗೆದು ಉಟ್ಟಳು. ನಾನು ಕೋಣೆ ಹೇಳಿಟ್ಟೆ.

ಬಾಗಿಲಲ್ಲಿ ಟಿಕೀಟು ಹರಿಯುವ ಮುದುಕ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಮಕ್ಕಳೆಲ್ಲಿ ಅದಾವ್ರಿ?"

"ಲಗ್ನ ಮಾಡಿಕೊಟ್ಟೇವಿ."

"ಹಂಗಾದ್ರ ರೈಲಿನಾಗ ಕೂಡವರು ನೀವೇ ಏನು? ಸಣ್ಣ ಮಕ್ಕಳ ಗಾಡಿ ಅದ್ರಿ ಅದು, ಯಜಮಾನ್ರ. ಮೊಣಕಾಲು ಗದ್ದಕ್ಕ ಬಡೀತಾವ."

"ಇವರ ಮೊಣಕಾಲು ಹೆಂಗಿದ್ರೂ ಬಡದೇ ಬಡೀತಾವ ಬಿಡು ಕಾಕಾ" ಎಂದಳು ಹೆಂಡತಿ. ಅವಳು ಹಾಗೆ ಮಾತಾಡಿ ಬಹಳ ದಿನವಾಗಿತ್ತು. ಮುದುಕ ನಕ್ಕ. ನನಗೂ ಹಗುರವಾಯಿತು.

ಬೇವಿನ ಗಿಡಗಳು ಎತ್ತರವಾಗಿದ್ದವು. ಪ್ರಾಣಿಗಳಿಗೆ ಹೊಸ ಬಣ್ಣ ಬಳಿದಿದ್ದರು. ಕಾಲುದಾರಿ ಹಳೆಯದೇ. ಆನೆಯ ಹತ್ತಿರ ಬಂದಾಗ ಅವಳು ನನ್ನನ್ನು ದಾಟಿ ಮುಂದೆ ಹೋದಳು. ಸೆರಗು ಸರಿಮಾಡಿಕೊಂಡು ಹಲಗೆಯ ಮೇಲೆ ಬೆರಳಿಟ್ಟಳು.

"ಆ. ನೆ. ಆನೆ" ಎಂದಳು. ನನ್ನ ಕಡೆ ತಿರುಗಿ, "ಆನಿ ಅಲ್ಲ ಮತ್ತ" ಎಂದಳು.

ನನ್ನ ಕಣ್ಣು ತುಂಬಿತು. ಇಪ್ಪತ್ತು ವರ್ಷದ ಹಿಂದಿನ ಆಟವನ್ನು ಅವಳು ನನಗಾಗಿ ಆಡುತ್ತಿದ್ದಳು. ಹುಲಿಯ ಹತ್ತಿರ ಹೋಗಿ "ಹು. ಲಿ" ಎಂದಳು. ಅದೂ ಸರಿ. ಮೂರನೆಯದು ಒಂಟೆ. ಒಂಟೆಯ ಮುಂದಿನ ಹಲಗೆಯ ಮೇಲೆ ಬೆರಳಿಟ್ಟು, ಅದೇ ನಿಧಾನದಲ್ಲಿ, "ಒಂ. ಟೆ" ಎಂದಳು.

ಹಲಗೆಯ ಮೇಲೆ ಇದ್ದದ್ದು "ಇಲ್ಲಿ ಉಗುಳಬಾರದು" ಎಂದು.

ಮೊದಲು ನಾನು ನಕ್ಕೆ. ಅವಳೂ ನಕ್ಕಳು. ಅವಳು ನಕ್ಕದ್ದು ನಾನು ನಕ್ಕಿದ್ದಕ್ಕೆ, ಹಲಗೆ ನೋಡಿ ಅಲ್ಲ ಎಂಬುದು ಕ್ಷಣ ಬಿಟ್ಟು ಹೊಳೆಯಿತು. ಅವಳ ಬೆರಳು ಇನ್ನೂ "ಇಲ್ಲಿ"ಯ ಕೆಳಗೇ ಇತ್ತು.

"ಕಣ್ಣು ಕಾಣವಲ್ದೇನು ನಿನಗ?" ಎಂದೆ. ನಿಜ ಹೇಳಬೇಕೆಂದರೆ, ಹೌದು ಎನ್ನಲಿ ಎಂದೇ ಕೇಳಿದೆ.

ಅವಳು ಹಲಗೆ ನೋಡಿದಳು, ನನ್ನ ಮುಖ ನೋಡಿದಳು. ಬೆರಳು ತೆಗೆದಳು.

"ಕಣ್ಣು ಚಲೋ ಅದಾವ್ರಿ. ಹಲಗಿ ಬ್ಯಾರೆ ಹಾಕ್ಯಾರೇನು?"

"ಹೂಂ."

"ಹಂಗಾದ್ರ ಇವತ್ತು ಸಿಕ್ಕಿಬಿದ್ದೆ" ಎಂದು ಒಂಟೆಯ ಎದುರಿನ ಕಲ್ಲು ಬೆಂಚಿನ ಮೇಲೆ ಕುಳಿತಳು.

ನಾನು ನಿಂತೇ ಇದ್ದೆ. ಒಂದೊಂದೇ ನೆನಪಾದವು. ತವರಿನಿಂದ ಕಾಗದ ಬಂದರೆ "ಕೈ ಹಸಿ ಅದ, ನೀ ಓದ ಮಗಳ" ಎಂದು ಹಿರಿಯಳಿಗೆ ಕೊಡುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ನೋಡದೆ ನನ್ನ ಕಾಲು ನೋಡುತ್ತಿದ್ದಳು. ಪೇಪರು ಹಿಡಿದು ಕುಳಿತಾಗ ಒಂದೇ ಪುಟದ ಮೇಲೆ ಇರುತ್ತಿದ್ದಳು. ಎಲ್ಲವನ್ನೂ ನಾನು ಕಂಡಿದ್ದೆ.

"ಮಗಳಿಗೆ ಗೊತ್ತದೇನು?"

"ಆಕಿ ಏಳು ವರ್ಷದಾಕಿ ಇದ್ದಾಗಿಂದ ಗೊತ್ತು. ಅಪ್ಪಗ ಹೇಳಬ್ಯಾಡ ಅಂದಿದ್ದೆ."

"ಯಾಕ?"

"ನೀವು ಅಷ್ಟು ಹಿಗ್ಗಿದ್ರಲ್ರಿ. ಸಾಲ್ಯಾಗ ಚಪ್ಪಾಳಿ ಹೊಡಸಿ ಬಂದ್ರಿ. ಹನ್ನೊಂದು ಹೆಸರು ಸಾಲಾಗಿ ಬಾಯಿಪಾಠ ಮಾಡೋದು ನನಗೇನು ದೊಡ್ಡದು? ಮರುದಿನ ಮುಂದಿನ ಪಾಠ ಹೇಳ್ತೀರಿ, ಅವಾಗ ಖರೇ ಹೇಳೂನು ಅಂತಿದ್ದೆ. ನೀವು ಹೇಳಲೇ ಇಲ್ಲ."

ಆಗ ನನಗೆ ಆ ಕಾಗದ ನೆನಪಾಯಿತು. ಒಂಟೆಯ ಸಿಮೆಂಟಿನ ಕಾಲು ಹಿಡಿದುಕೊಂಡೆ. ಹೊಸ ಬಣ್ಣ ಅಂಗೈಗೆ ಸ್ವಲ್ಪ ಹತ್ತಿತು.

"ಆವತ್ತಿನ ಫಾರ್ಮ್" ಎಂದೆ.

ಅವಳು ಬೇರೆ ಕಡೆ ನೋಡುತ್ತಾ ಹೇಳಿದಳು. "ಕೂಸಿಗೆ ಸೂಜಿ ಹಾಕೋದರ ಕಾಗದ ಅಂದ್ಕೊಂಡಿದ್ದೆ. ಕೂಸಿನ ಎತ್ತಿಕೊಂಡೇ ಜೀಪು ಹತ್ತಿದೆ. ಅಲ್ಲಿ ಚಾಪಿ ಮ್ಯಾಲೆ ಬಾಜೂಕ ಕೂತಿದ್ದ ಹೆಣ್ಮಗಳು ಅಳಾಕತ್ತಿದ್ಲು. ಯಾಕ ಅಳ್ತಿ ಬೇ ಅಂದೆ. ಆಕಿ ಹೇಳಿದ್ಮ್ಯಾಲೆ ತಿಳೀತು."

"ಎದ್ದು ಬರಬೇಕಿತ್ತಲ್ಲ ನೀ."

"ಹೆಂಗ ಬರಲಿ? ಎಲ್ಲಾರೂ ಹೆಬ್ಬೆಟ್ಟು ಒತ್ತಿದ್ರು. ನನ್ನದೊಂದೇ ಸಹಿ. ನರ್ಸಬಾಯಿ ನನ್ನ ಕಾಗದ ಎತ್ತಿ ಎಲ್ಲಾರಿಗೂ ತೋರಿಸಿದ್ಲು. ನೋಡ್ರಿ, ಮಾಸ್ತರ ಹೆಂಡ್ತಿ, ಓದಿ ಸಹಿ ಮಾಡ್ಯಾಳ, ನೀವು ಯಾಕ ಅಂಜ್ತೀರಿ ಅಂದ್ಲು. ಅವಾಗ ನಾ ಎದ್ದು, ನನಗ ಓದಾಕ ಬರಂಗಿಲ್ಲ ಅನ್ನಬೇಕಿತ್ತೇನು? ನಿಮ್ಮ ಮಾನ ಎಲ್ಲಿ ಉಳೀತಿತ್ತು? ಅತ್ತಿಯೂ ಅಲ್ಲೇ ಇದ್ರು. ನೀವು ತಿಳಕೊಂಡೇ ಕಳಿಸೀರಿ, ನಂದೇನದ ಅಂತ ಮಕ್ಕೊಂಡೆ."

ಮಕ್ಕಳ ರೈಲು ಗಂಟೆ ಬಾರಿಸುತ್ತಾ ಬೇಲಿಯಾಚೆ ಒಂದು ಸುತ್ತು ಹೋಯಿತು. ಕೇಳಬಾರದಿತ್ತೇನೋ, ಕೇಳಿದೆ. "ಗೊತ್ತಿದ್ರ ಬ್ಯಾಡ ಅಂತಿದ್ದೇನು?"

ಅವಳು ಬಹಳ ಹೊತ್ತು ಯೋಚಿಸಿದಳು. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಬಾರದೆಂದು ಯೋಚಿಸುವ ಹಾಗೆ.

"ಬ್ಯಾಡ ಅಂತಿದ್ನೋ, ಹೂಂ ಅಂತಿದ್ನೋ, ನನಗೂ ಗೊತ್ತಿಲ್ರಿ. ಕೇಳಿದ್ರ ಗೊತ್ತಾಗ್ತಿತ್ತು."

ಆಮೇಲೆ, "ಆ ಕಾಗದದಾಗ ಏನಿತ್ತು? ಈಗರೆ ಹೇಳ್ರಿ" ಎಂದಳು.

ಆ ವರ್ಷ ಅಂಥ ಫಾರ್ಮುಗಳನ್ನು ನಾನು ಎಷ್ಟು ತುಂಬಿದ್ದೆನೆಂದರೆ ಅದು ನನಗೆ ಬಾಯಿಪಾಠವಾಗಿತ್ತು. ಅವಳ ಪಕ್ಕದಲ್ಲಿ ಕುಳಿತು ಹೇಳಿದೆ. ಇಂಥ ಊರಿನ ಇಂಥವರ ಹೆಂಡತಿಯಾದ ನಾನು, ವಯಸ್ಸು ಇಷ್ಟು, ಬದುಕಿರುವ ಮಕ್ಕಳು ಇಬ್ಬರು, ಇನ್ನು ಮಕ್ಕಳು ಬೇಡವೆಂದು ಸ್ವಸಂತೋಷದಿಂದ ಒಪ್ಪಿ ಸಹಿ ಮಾಡಿರುತ್ತೇನೆ.

"ಸ್ವಸಂತೋಷ ಅಂದ್ರ?"

"ತನ್ನ ಖುಷಿಯಿಂದ. ಯಾರೂ ಜೋರು ಮಾಡದ."

"ಅದನ್ನೂ ನೀವೇ ಬರದ್ರೇನು?"

"ಅದು ಅಚ್ಚಾಗೇ ಇತ್ತು."

"ಉಳದದ್ದು?"

"ನಾನೇ ತುಂಬಿದೆ."

ಅವಳು ತಲೆಯಾಡಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಕೆಲಸವಿರುತ್ತಿತ್ತು, ಸಮಾಧಾನ ಮಾಡುವ ಕೆಲಸ. ಎದ್ದು ಸೀರೆ ಕೊಡವಿಕೊಂಡು, "ಉಳದ ಹಲಗಿ ಓದ್ರಿ ನಡ್ರಿ, ಏನೇನು ಬರದಾರ ನೋಡೂನು" ಎಂದಳು. ಇನ್ನೂ ಎಂಟು ಪ್ರಾಣಿಗಳಿದ್ದವು. ಇದ್ದ ಹಲಗೆಗಳನ್ನೆಲ್ಲ ಗಟ್ಟಿಯಾಗಿ ಓದಿದೆ. ನವಿಲಿನ ಮುಂದೆ ಕುಡಿಯುವ ನೀರಿಗೆ ಬಾಣದ ಗುರುತಿತ್ತು. ಮೊಸಳೆಯ ಮುಂದೆ ಮೊಸಳೆ ಎಂದೇ ಇತ್ತು. ಜಿಂಕೆಯ ಕೊಂಬು ಮುರಿದಿತ್ತು, ಹಲಗೆ ಇರಲಿಲ್ಲ, ಗೂಟ ಮಾತ್ರ ಇತ್ತು. "ಇಲ್ಲಿ ಏನದ?" ಎಂದಳು. "ಏನೂ ಇಲ್ಲ" ಎಂದೆ. "ಖರೇ?" ಎಂದಳು. ಆ ಒಂದು ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹೇಳಿಟ್ಟಿದ್ದ ಕೋಣೆಯ ಬೀಗ ತೆಗೆಸಲಿಲ್ಲ. ಬಾಗಿಲ ಮುದುಕ, "ಇಷ್ಟ್ ಲಗೂ ಯಾಕ ಹೊಂಟ್ರಿ? ರೈಲಿನಾಗ ಕೂತ್ರೇನು?" ಎಂದು ಕೇಳಿದ. ಅವಳೇ ಉತ್ತರ ಕೊಟ್ಟಳು: "ಇವರ ಕಾಲು ಹಿಡದಾವ ಕಾಕಾ."

ರಸ್ತೆಯ ಬದಿಯಲ್ಲಿ ನಿಂತೆವು. ಬಿಸಿಲು ಇಳಿದಿತ್ತು. ಅರ್ಧ ತಾಸಿನ ಮೇಲೆ ಬಸ್ಸು ಬಂತು. ದೂರದಿಂದಲೇ ಬೋರ್ಡನ್ನು ಅವಳಿಗೆ ಓದಿ ಹೇಳಿದೆ. ನಮ್ಮ ಕಡೆಗೇ ಹೋಗುವುದು, ಒಳಗೆ ಜನವಿರಲಿಲ್ಲ. ಬಸ್ಸು ಬಂದಾಗ ನಾನು ಇಪ್ಪತ್ತು ವರ್ಷ "ಹತ್ತು" ಎನ್ನುತ್ತಾ ಬಂದವನು. ಅವತ್ತು ಯಾಕೋ, "ಇದಕ್ಕ ಹೋಗೂನೇನು?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಬಸ್ಸು ನೋಡಿದಳು. ಕಂಡಕ್ಟರು ಬಾಗಿಲು ಹಿಡಿದು, "ಬರ್ರಿ ಅಕ್ಕಾರ, ಲಗೂ ಬರ್ರಿ" ಎನ್ನುತ್ತಿದ್ದ.

"ಬ್ಯಾಡ" ಎಂದಳು. "ಮುಂದಿನದಕ್ಕ ಹೋಗೂನು."

ಖಾಲಿ ಬಸ್ಸು ಹೊರಟುಹೋಯಿತು. ಮುಂದಿನದು ಬರಲು ಒಂದು ತಾಸಿಗೂ ಮೇಲಾಯಿತು. ಅಲ್ಲಿಯ ತನಕ ಮೈಲಿಗಲ್ಲಿನ ಹತ್ತಿರ ಇಬ್ಬರೂ ಕುಳಿತಿದ್ದೆವು. ಯಾಕೆ ಬೇಡವೆಂದೆ ಎಂದು ನಾನು ಕೇಳಲಿಲ್ಲ.