ಕಾಲಿಡಲು ಜಾಗವಿಲ್ಲದ ಕೆರೆದಂಡೆ

ಅಕ್ಕಿಆಲೂರಿನ ಅಕ್ಕಿ ಗಿರಣಿಗಳು ಇನ್ನೂ ಸದ್ದು ಶುರು ಮಾಡಿಲ್ಲ. ಕೆರೆಯ ದಂಡೆಯಲ್ಲಿ ಮಾತ್ರ ಆಗಲೇ ಕೆಲಸ ಅರ್ಧ ಮುಗಿದಿದೆ. ಮೊಣಕಾಲುದ್ದ ನೀರಿನಲ್ಲಿ ನಿಂತ ಶಂಕ್ರವ್ವ ಮಡಿವಾಳರ, ನೆನೆದು ಹೆಣಭಾರವಾದ ಜಮಖಾನವೊಂದನ್ನು ಸೊಂಟದ ಬಲದಿಂದ ಎತ್ತಿ ಕಲ್ಲಿಗೆ ಬಡಿಯುತ್ತಾರೆ. "ದೂರ ನಿಂದ್ರರಿ, ನೀರು ಸಿಡಿತೈತಿ" ಎಂದು ಅವರು ಹೇಳುವ ಹೊತ್ತಿಗೆ ನನ್ನ ಅಂಗಿ ತೋಯ್ದಾಗಿದೆ. "ಹೇಳೂದು ತಡಾ ಆತು ನೋಡ್ರಿ. ಬಿಚ್ಚಿ ಕೊಡ್ರಿ, ನಿಮ್ಮ ಮಾತು ಮುಗಿಯೂದ್ರಾಗ ಒಣಗಿಸಿ ಕೊಡ್ತೇನಿ" ಅನ್ನುತ್ತಾರೆ. ಮುಖದಲ್ಲಿ ನಗೆಯ ಸುಳಿವೂ ಇಲ್ಲ.

ಶಂಕ್ರವ್ವನಿಗೆ ಅರವತ್ತು ದಾಟಿದೆ. ಮನೆಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ಈ ಕಸುಬು ಮುಗಿಯಿತು ಅಂತ ನಾನೂ ತಿಳಿದಿದ್ದೆ. ಹಾಗಂದದ್ದಕ್ಕೆ ಅವರು ದಂಡೆಯ ಮೇಲಿನ ಗಂಟುಗಳತ್ತ ಗದ್ದ ತಿರುಗಿಸುತ್ತಾರೆ. ಶಿಗ್ಗಾಂವದ ಹೆದ್ದಾರಿ ಲಾಡ್ಜಿನ ಬೆಡ್‌ಶೀಟು, ಸವಣೂರಿನ ಶಾದಿಮಹಲಿನ ಜಮಖಾನ, ಹಿರೇಕೆರೂರಿನ ಹಾಸ್ಟೆಲ್ಲಿನ ಚಾದರ, ಹಾನಗಲ್ಲಿನ ಮದುವೆ ಪೆಂಡಾಲು. ಎಲ್ಲವೂ ಬಸ್ಸಿನಲ್ಲಿ ಬಂದು, ಮಡಿಯಾಗಿ ಬಸ್ಸಿನಲ್ಲೇ ಹೋಗುತ್ತವೆ. "ಆ ಡಬ್ಬಿಯೊಳಗ ಪೆಂಡಾಲ ಹಿಡಿತೈತೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ.

ಚಿಕ್ಕೇರೂರಿನಿಂದ ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಈ ನೀರಿಗೆ ಇಳಿಸಿದರಂತೆ. ಅಂದಿನಿಂದ ಈ ಕಲ್ಲು ಬದಲಾಗಿಲ್ಲ. ಒಗೆಯುವ ಸೋಡಾ ತಾಗಿ ತಾಗಿ ಅಂಗೈ ಬಿರುಕು ಬಿಟ್ಟಿದೆ, ಹಿಮ್ಮಡಿಯ ಗತಿ ಕೇಳುವಂತಿಲ್ಲ. ಗಂಡ ಮೈಲಾರಪ್ಪನಿಗೆ ಬೆನ್ನು ಹಿಡಿದ ಮೇಲೆ ಅವರು ಉಬ್ಬೆಯ ಒಲೆಗೆ, ಅಂದರೆ ಬಟ್ಟೆ ಬೇಯಿಸುವ ಹಂಡೆಯ ಬೆಂಕಿಗೆ ಕಾವಲು. "ನಾ ಉರಿ ಹಚ್ತೇನಿ, ಆಕಿ ನನ್ನ ಮ್ಯಾಲ ಉರೀತಾಳ" ಎಂದು ಮೈಲಾರಪ್ಪ ಹೊಗೆಯೊಳಗಿಂದ ದೂರು ಹೇಳುತ್ತಾರೆ. ಶಂಕ್ರವ್ವ ಮತ್ತೊಂದು ಗಂಟು ಬಿಚ್ಚುತ್ತಾರೆ.

ನೀರಿನ ಅಂಚಿನಿಂದ ಡಾಂಬರು ರಸ್ತೆಯವರೆಗೆ ಹರವಾದ ಬಯಲಿದೆ. ಹದಿನೈದಿಪ್ಪತ್ತು ಮನೆಯವರು ಬಟ್ಟೆ ಒಣಹಾಕುವುದು ಇಲ್ಲೇ. ಕೌದಿ ಹೊಲಿಯುವ ಹುಸೇನಬಿ ಹಳೆಯ ಕೌದಿಗಳನ್ನು ತೊಳೆದು ಹರವುವುದೂ ಇಲ್ಲೇ. ಈ ಬಯಲಿಗೊಂದು ದೌರ್ಬಲ್ಯ ಉಂಟು. ಬಿಸಿಲೇರಿದ ಮೇಲೆ ಬಂದರೆ ತುಂಬಿ ತುಳುಕುತ್ತದೆ, ಬೆಳಗ್ಗೆ ಬಂದರೆ ಬರೀ ನೆಲ. ಬರೀ ನೆಲ ಕಂಡರೆ ಕೆಲವರಿಗೆ ಬಾಯಲ್ಲಿ ನೀರೂರುತ್ತದೆ.

ಪಕ್ಕದ ತಾಲೂಕಿನ ಒಬ್ಬ ಪ್ಲಾಟಿನ ಧಣಿಗೂ ಹಾಗೇ ಊರಿತು. ಬಯಲಿನ ಹಿಂದಿನ ಹೊಲ ಕೊಂಡವನು, ಮುಂದಿನ ಸರಕಾರಿ ದಂಡೆಯೂ ಸೇರಿದರೆ ಬಡಾವಣೆಗೆ ಕಳೆ ಬರುತ್ತದೆ ಅಂತ ತಾಲೂಕು ಕಚೇರಿಗೆ ಅರ್ಜಿ ಹಾಕಿದ. ಎರಡು ಕಬ್ಬಿಣದ ಕಂಬ ನೆಟ್ಟು ಬೋರ್ಡೂ ಕಟ್ಟಿಸಿದ: 'ಕೆರೆ ಕಾಣುವ ಮನೆಗಳು'. ನನಗೆ ಸಿಟ್ಟು ಬಂದದ್ದು ಆ ಬೋರ್ಡಿನ ಚಿತ್ರ ನೋಡಿ. ಕೆರೆಯಿದೆ, ಮನೆಗಳಿವೆ, ಬಾತುಕೋಳಿ ಕೂಡ ಇದೆ. ಆದರೆ ಒಗೆಯುವ ಕಲ್ಲಿಲ್ಲ, ಒಗೆಯುವ ಮಂದಿಯೂ ಇಲ್ಲ.

ಜಾಗ ಪರಿಶೀಲನೆಗೆ ಅಳತೆಯವರು ಬರುತ್ತಾರೆ ಎಂದು ಸುದ್ದಿ ಬಂತು. ಆಗ ಈ ಮಂದಿ ಮಾಡಿದ ಕೆಲಸ ಕೇಳಿ. ಹಿಂದಿನ ದಿನವೇ ಹಗ್ಗ ಬಿಚ್ಚಿ ಸುತ್ತಿಟ್ಟರು. ಗಂಟುಗಳನ್ನೆಲ್ಲ ಮನೆಗೆ ಹೊತ್ತರು. ಉಬ್ಬೆಯ ಬೂದಿ ಬಳಿದು, ಬಯಲು ಗುಡಿಸಿ, ನೀರು ಚಿಮುಕಿಸಿ, ರಸ್ತೆಯ ಬದಿಗೆ ರಂಗೋಲಿಯನ್ನೂ ಹಾಕಿದರು.

"ಮನಿಗೆ ಬೀಗರು ಬಂದಾಗ ಯಾರರ ಅರಿವಿ ಹರವಿಕೊಂಡು ಕುಂದ್ರತಾರೇನ್ರಿ?" ಎಂದು ಶಂಕ್ರವ್ವ ಈಗಲೂ ಕೇಳುತ್ತಾರೆ. "ಸಾಹೇಬ್ರು ಬರ್ತಾರ, ನಮ್ಮ ಜಾಗ ಸ್ವಚ್ಛ ಕಾಣ್ಲಿ ಅಂತ ನಾನ ಹೇಳಿದ್ದೆ. ಎಲ್ಲಾರೂ ನನ್ನ ಮಾತು ಕೇಳಿದ್ರು."

ಬಂದವರು ನಾಲ್ಕು ಕಡೆಯಿಂದ ಫೋಟೊ ಹೊಡೆದುಕೊಂಡರು. ಚಹಾ ಕುಡಿದು, ಜಾಗ ಭಾಳ ಚಲೋ ಇಟ್ಟೀರಿ ಅಂತ ಹೊಗಳಿಯೂ ಹೋದರು. ಬರೆದದ್ದು ಮಾತ್ರ ಒಂದೇ ಸಾಲು: ಖಾಲಿ ಜಾಗ, ಯಾವ ಬಳಕೆಯಲ್ಲೂ ಇಲ್ಲ. ಸುಳ್ಳೆಂದು ಹೇಗೆ ಹೇಳುವುದು, ಫೋಟೊದಲ್ಲಿ ಇದ್ದದ್ದೇ ಅಷ್ಟು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು. ಆ ಸಾಲು ಗೊತ್ತಾದ ರಾತ್ರಿ ಶಂಕ್ರವ್ವನ ಮನೆಯಲ್ಲಿ ಒಲೆ ಹಚ್ಚಲಿಲ್ಲ. "ನನ್ನ ಬಾಯಿಂದ ಇಷ್ಟು ಮನಿ ಹೊಟ್ಟಿಗೆ ಕಲ್ಲು ಬಿತ್ತಲ್ಲ ಅಂತ ಅತ್ತೇನ್ರಿ. ಸುಳ್ಳ್ಯಾಕ ಹೇಳ್ಲಿ."

ಧಣಿ ಕೆಟ್ಟ ಮಾತೇನೂ ಆಡಲಿಲ್ಲ. ಊರ ಹಿಂದೆ ನಳ ಹಾಕಿಸಿ ಸಿಮೆಂಟಿನ ತೊಟ್ಟಿ ಕಟ್ಟಿಸಿಕೊಡುತ್ತೇನೆ ಅಂದ. ಕೆಲವರು ಒಪ್ಪಿಬಿಡೋಣ ಅಂತಲೂ ಅಂದರು. ಶಂಕ್ರವ್ವ ತೊಟ್ಟಿಯ ಜಾಗ ನೋಡಿ ಬಂದು ಹೇಳಿದ್ದು ಇಷ್ಟೇ: "ನೀರು ಎಲ್ಲ್ಯಾರ ಹುಟ್ಟತೈತಿ. ಬಿಸಲು ಹಾಸಾಕ ಜಾಗ ಎಲ್ಲೈತಿ?" ಒಣಗದ ಬಟ್ಟೆಯನ್ನು ಯಾವ ಲಾಡ್ಜಿನವನು ತಗೊಳ್ಳುತ್ತಾನೆ?

ಶಂಕ್ರವ್ವ, ಹುಸೇನಬಿ ಇಬ್ಬರೂ ಮತ್ತೆ ಮತ್ತೆ ಕಚೇರಿಗೆ ಎಡತಾಕಿದರು. "ಬ್ಯಾರೆ ಏನೂ ಬ್ಯಾಡ್ರಿ, ಇನ್ನೊಮ್ಮೆ ಬಂದು ನೋಡ್ರಿ. ಈ ಸಲ ಬಿಸಲೇರಿದ ಮ್ಯಾಲ ಬರ್ರಿ" ಎಂಬುದೊಂದೇ ಬೇಡಿಕೆ. ಹೊಸದಾಗಿ ಬಂದ ಅಧಿಕಾರಿ ಒಪ್ಪಿದರು.

ಮದುವೆಯ ಹಂಗಾಮು. ಯಾವ ಗಂಟನ್ನೂ ಮೊದಲೇ ತೊಳೆದು ಕಳಿಸಬೇಡಿ, ಎಲ್ಲ ಅದೇ ದಿನ ನೀರಿಗೆ ಬೀಳಲಿ ಎಂದು ಶಂಕ್ರವ್ವ ಮನೆಮನೆಗೆ ಹೇಳಿದರು. ಹುಸೇನಬಿ ತಮ್ಮ ಓಣಿಯ ಕೌದಿಗಳನ್ನೆಲ್ಲ ಹೊರತೆಗೆಸಿದರು. ಸುದ್ದಿ ಊರಿಗೂ ಹತ್ತಿತು. ಯಂತ್ರವಿದ್ದ ಮನೆಯ ಹೆಂಗಸರೂ ಪರದೆ, ಚಾದರ ಹೊತ್ತುಕೊಂಡು ಬಂದರು. ಹಾನಗಲ್ಲಿನ ಮಡಿವಾಳರು ತಮ್ಮ ಗಂಟುಗಳ ಸಮೇತ ಮೊದಲ ಬಸ್ಸಿಗೆ ಇಳಿದರು. ಹೊತ್ತು ಮೂಡುವ ಮೊದಲೇ ಶುರುವಾದ ಬಡಿತ ಪೇಟೆಯವರೆಗೆ ಕೇಳುತ್ತಿತ್ತಂತೆ.

ಅಧಿಕಾರಿ ಜೀಪಿನಿಂದ ಇಳಿದು ನಿಂತಲ್ಲೇ ನಿಂತರು. ರಸ್ತೆಯ ಅಂಚಿನಿಂದ ನೀರಿನವರೆಗೆ ನೆಲವೇ ಕಾಣುತ್ತಿರಲಿಲ್ಲ. ಕೆಂಪು ನೀಲಿ ಪೆಂಡಾಲು, ಹಸಿರು ಜಮಖಾನ, ಬಿಳಿ ಚಾದರ, ನೂರು ತೇಪೆಯ ಕೌದಿ, ಒಂದರ ಅಂಚಿಗೊಂದು ತಾಗಿಸಿ ಹಾಸಿದ್ದರು. ಒಂದೇ ಒಂದು ಹಾದಿಯನ್ನೂ ಬಿಟ್ಟಿರಲಿಲ್ಲ.

"ಬರ್ರಿ ಸಾಹೇಬ್ರ, ಅರಿವಿ ಅಷ್ಟ, ಏನೂ ಆಗಂಗಿಲ್ಲ" ಎಂದು ಜೊತೆಗಿದ್ದ ಧಣಿ ಬೂಟುಗಾಲನ್ನು ಬಿಳಿ ಚಾದರವೊಂದರ ಮೇಲೆ ಇಟ್ಟೇಬಿಟ್ಟ. ನಮ್ಮ ಕಡೆ ಒಗೆದು ಹಾಸಿದ ಬಟ್ಟೆಯನ್ನು ಹಸುಳೆ ತುಳಿದರೂ ತಾಯಿ ಗದರುತ್ತಾಳೆ. ಅಳತೆಯ ಟೇಪು ಹಿಡಿದ ಜವಾನನೇ ಮೊದಲು ಬಾಯಿಬಿಟ್ಟ: "ತುಳೀಬ್ಯಾಡ್ರಿ ಧಣಿ, ಮಡಿ ಐತಿ ಅದು." ಅಧಿಕಾರಿ ಧಣಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಆಚೆ ಈಚೆ ನೋಡಿ, "ಎಲ್ಲಿ ಕಾಲಿಡ್ಲಿ ಅವ್ವಾ?" ಎಂದು ಕೇಳಿದರು.

"ಜಾಗ ಇಲ್ರಿ ಸಾಹೇಬ್ರ. ಅದನ್ನ ಬರಕೋರಿ" ಎಂದರು ಶಂಕ್ರವ್ವ.

ಅವರು ಬರೆದುಕೊಂಡರು, ಅಲ್ಲೇ, ಜೀಪಿನ ಬಾನೆಟ್ಟಿನ ಮೇಲೆ. ಬರೆದಾದ ಮೇಲೆ ಹುಸೇನಬಿ ಮುಂದೆ ಹೋಗಿ ಒಂದೊಂದೇ ಕೌದಿಯ ಅಂಚು ಮಡಚಿದರು. ಆ ಹಾದಿಯಲ್ಲಿ ಅಧಿಕಾರಿ ಬೂಟು ಕಳಚಿಟ್ಟು ಬರಿಗಾಲಲ್ಲಿ ನೀರಿನವರೆಗೆ ಇಳಿದು, ಕಲ್ಲು, ಒಲೆ, ಹಂಡೆ ಎಲ್ಲ ನೋಡಿದರು. ಮೈಲಾರಪ್ಪ ಬೆನ್ನುನೋವು ಮರೆತು ಉಬ್ಬೆಯ ಕತೆ ಹೇಳಲು ಕುಳಿತರು. ಅವರನ್ನು ಸುಮ್ಮನಾಗಿಸುವುದೇ ದೊಡ್ಡ ಕೆಲಸವಾಯಿತು.

ಈ ಮಳೆಗಾಲಕ್ಕೆ ಮುಂಚೆ ಆದೇಶ ಬಂದಿದೆ. ದಂಡೆಯಲ್ಲಿ ಬಡಾವಣೆಗೆ ಒಪ್ಪಿಗೆ ಇಲ್ಲ, ಜಾಗ ಮಡಿಕಟ್ಟೆಗೇ, ಅಂದರೆ ಬಟ್ಟೆ ಒಗೆದು ಒಣಹಾಕುವುದಕ್ಕೇ ಮೀಸಲು. ಅವತ್ತು ಊರೆಲ್ಲ ಪೇಢೆ ಹಂಚಿದರು. ಗೆದ್ದದ್ದು ಬರೀ ಇಪ್ಪತ್ತು ಮನೆಯಲ್ಲ, ಬಸ್ಸಿನಲ್ಲಿ ಗಂಟು ಕಳಿಸುವ ನಾಲ್ಕು ತಾಲೂಕು ಗೆದ್ದಂತೆ ಅಂತ ನನಗನ್ನಿಸುತ್ತದೆ, ಮತ್ತು ಖುಷಿಯಾಗುತ್ತದೆ. ಬೋರ್ಡು ಹೋಗಿದೆ, ಕಂಬಗಳು ಉಳಿದಿವೆ. ಅವುಗಳಿಗೆ ಈಗ ಹಗ್ಗ ಬಿಗಿದು ಪೆಂಡಾಲು ಒಣಹಾಕಿದ್ದಾರೆ. "ಧಣಿ ಕಂಬ ಮಾತ್ರ ಗಟ್ಟಿ ಹಾಕಿಸ್ಯಾನ. ಅದಕ್ಕೊಂದು ಶರಣು" ಎಂದು ಮೈಲಾರಪ್ಪ ಕೈಮುಗಿಯುತ್ತಾರೆ.

"ಆ ಚಾದರದ ಮೇಲಿನ ಬೂಟಿನ ಗುರುತು?" ಎಂದು ನಾನು ಕೇಳುತ್ತೇನೆ.

"ಅವತ್ತ ಹೋತಲ್ರಿ. ಒಂದ ಬಡತಕ್ಕ." ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಬಿಸಿಲೇರಿದೆ, ಬಯಲು ತುಂಬಿದೆ, ನನ್ನ ಅಂಗಿ ಮೈಮೇಲೆಯೇ ಒಣಗಿದೆ. ಇನ್ನೇನಾದರೂ ಬೇಕಾ ನಿಮಗೆ ಎಂದರೆ, ಮಳೆಗಾಲಕ್ಕೊಂದು ತಗಡಿನ ಚಪ್ಪರ ಆದರೆ ಸಾಕು ಅನ್ನುತ್ತಾರೆ. ಆಮೇಲೆ, ನಾನು ರಸ್ತೆ ಹತ್ತುವಾಗ, ಹಿಂದಿನಿಂದ ಕೂಗಿ ಹೇಳುತ್ತಾರೆ:

"ಪೇಪರಿನ್ಯಾಗ ಇಷ್ಟ ಬರೀರಿ. ಯಾರರ ಜಾಗ ನೋಡಾಕ ಬರೂದಿದ್ರ ಬರ್ಲಿ, ಚಹಾ ಕೊಡ್ತೇವಿ. ಬಿಸಲೇರಿದ ಮ್ಯಾಲ ಬರ್ಲಿ. ಬೂಟು ಕಾಲ್ಮರಿ ಮಾತ್ರ ರಸ್ತಾದ ಮ್ಯಾಲ ಬಿಟ್ಟು ಬರ್ಲಿ."