ಜ್ವರಕ್ಕಾಗಿ ಕಾದದ್ದು

ನಮ್ಮ ಕಡೆ ಜ್ವರ ಬಿಟ್ಟವರಿಗೆ ತಲೆಗೆ ನೀರು ಹಾಕಿ, ಕೋಳಿಸಾರು ಮಾಡಿ ಬಡಿಸುತ್ತಾರೆ. ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ನನಗೆ ಮೂರು ಸಲ ನೀರು ಹಾಕಿದರು.

ಆಗ ನಾನು ನಾಗಮಂಗಲದಲ್ಲಿ ಪಿಯುಸಿ ಓದುತ್ತಿದ್ದೆ. ಮೊದಲು ಬಂದದ್ದು ಊರಿಗೆಲ್ಲ ಬಂದಿದ್ದ ಫ್ಲೂ. ಶೀತ, ಕೆಮ್ಮು, ಮೈಕೈ ನೋವು, ವಾರದಲ್ಲಿ ಹೋಯಿತು. ಮೊದಲ ಸ್ನಾನ, ಮೊದಲ ಕೋಳಿ. ಹತ್ತು ದಿನ ಬಿಟ್ಟು ಸಂಜೆ ಹೊತ್ತು ಮೈ ಬಿಸಿಯಾಗತೊಡಗಿತು. ಡೈರಿಯಲ್ಲಿ ತಾರೀಕಿನ ಪಕ್ಕ ಥರ್ಮಾಮೀಟರಿನ ಅಂಕಿ ಬರೆದಿಡುತ್ತಿದ್ದೆ. ಔಷಧಿ ಅಂಗಡಿಯವರು ಕೊಟ್ಟ ಮಾತ್ರೆಗೆ ಜ್ವರ ಇಳಿಯಿತು. ಅಜ್ಜಿ ಎರಡನೇ ಸ್ನಾನಕ್ಕೆ ಹಂಡೆಗೆ ಉರಿ ಹಾಕಿದಳು. ಪಾಂಡವಪುರದಿಂದ ಚಿಕ್ಕಪ್ಪ ಬನ್ನು, ಮೂಸಂಬಿ ಹಿಡಿದು ಬಂದು ಊಟ ಮಾಡಿ ಹೋದ. ಮಾತ್ರೆ ಮುಗಿದ ಮೇಲೆ ಜ್ವರ ಮತ್ತೆ ಹಾಜರಾಯಿತು. ಹೊಸ ಮಾತ್ರೆ, ಮೂರನೇ ಸ್ನಾನ, ಮೂರನೇ ಕೋಳಿ, ಅದೇ ಚಿಕ್ಕಪ್ಪ.

"ನಿನ್ ಜ್ವರದ ದೆಸೆಯಿಂದ ನನ್ ಮೈ ತುಂಬ್ಕತು ಕಣ್ಲಾ" ಅಂದ.

ನಾಲ್ಕನೆಯ ಸಲ ಜ್ವರ ಬಂದಾಗ ಅಪ್ಪ ಅದೇ ಮಾತ್ರೆ ನುಂಗಿಸಿ ಮೈಸೂರಿಗೆ ಹೊರಡಿಸಿದರು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ, ಬಸ್ಸಿನಲ್ಲಿ ಸುಮ್ಮನೆ ಕೂತಿದ್ದವನಿಗೇ ಏದುಸಿರು.

ಡಾಕ್ಟರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಚಿಕ್ಕಂದಿನ ಕೀಲುನೋವಿನ ಜ್ವರ ನನ್ನ ಹೃದಯದ ಒಂದು ವಾಲ್ವನ್ನು ಕೆಡಿಸಿತ್ತಂತೆ. ನಮಗೆ ಗೊತ್ತೇ ಇರಲಿಲ್ಲ. ಫ್ಲೂಗೆ ಮೈ ಸೋತಿದ್ದಾಗ ಬ್ಯಾಕ್ಟೀರಿಯಾ ಅಲ್ಲಿ ಹೋಗಿ ಕೂತಿದೆ, ಬಿಟ್ಟರೆ ವಾಲ್ವನ್ನೇ ತಿನ್ನುತ್ತದೆ ಎಂದರು. ಯಾವ ಇಂಜೆಕ್ಷನ್ ಎಂದು ತಿಳಿಯಲು ರಕ್ತದಿಂದ ಅದನ್ನು ಬೆಳೆಸಿ ನೋಡಬೇಕು.

"ಮಾತ್ರೆಗೆ ಅದು ಅಡಗಿದೆ, ಸತ್ತಿಲ್ಲ. ಮಾತ್ರೆ ನಿಲ್ಲಿಸಿ. ಜ್ವರ ಏರಿದಾಗ ರಕ್ತ ತಗೋತೀವಿ."

ಹೀಗೆ ನಮ್ಮ ಮನೆಯವರೆಲ್ಲ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಮಂಚದ ಸುತ್ತ ಕೂತು ಜ್ವರಕ್ಕಾಗಿ ಕಾದರು. ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ.

"ಕರೀದಿದ್ದಾಗ ದಿನಾ ಬಂದು ವಕ್ಕರಿಸ್ಕತಿತ್ತು. ಈಗ ಬೇಕು ಅಂದ್ರೆ ಜಂಬ ನೋಡು" ಎಂದು ಅಜ್ಜಿ ಗೊಣಗಿದಳು.

ಚಿಕ್ಕಪ್ಪ ನರ್ಸಮ್ಮನನ್ನು ಕೇಳಿದ: "ಒಂದೆರಡು ಐಸ್‌ಕ್ಯಾಂಡಿ ತಿನ್ಸದಾ?"

"ಅದರಿಂದ ನೆಗಡಿ ಬರ್ತದೆ ಯಜಮಾನ್ರೆ. ನಮಗೆ ಬೇಕಾದ್ದು ಎದೇಲಿರೋದು."

ಸಂಜೆ ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು, ನಾಳೆಗಿಂತ ಹೆಚ್ಚು ಕಾಯಲಾಗದು, ವಾಲ್ವು ತಡೆಯುವುದಿಲ್ಲ ಎಂದರು.

ಮೂರನೇ ದಿನ ಮಧ್ಯಾಹ್ನ ನನಗೆ ಚಳಿ ಹತ್ತಿತು. ಹಣೆ ಮುಟ್ಟಿದ ಅಜ್ಜಿ ಬರಿಗಾಲಲ್ಲಿ ನರ್ಸಮ್ಮನ ಬಳಿಗೆ ಓಡಿದಳು.

"ಬಂತು ಕಣವ್ವ, ಬಿರ್ನೆ ಬಾ, ವಂಟೋದಾತು."

ನರ್ಸಮ್ಮ ಎರಡೂ ತೋಳಿನಿಂದ ರಕ್ತ ತೆಗೆದು ಬಾಟಲಿಗೆ ತುಂಬಿ, ಸದ್ಯಕ್ಕೆಂದು ಒಂದು ಇಂಜೆಕ್ಷನ್ ಚುಚ್ಚಿದರು. ನನ್ನ ಹಲ್ಲು ಕಟಕಟಿಸುತ್ತಿದ್ದವು. ಚಿಕ್ಕಪ್ಪ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು "ನೂರಾಮೂರು ಕಣಣ್ಣ" ಎಂದ, ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಹೇಳಿದ ಹಾಗೆ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

ಎರಡು ದಿನದಲ್ಲಿ ಬಾಟಲಿಯಲ್ಲಿ ರೋಗಾಣು ಬೆಳೆಯಿತು. ಅದಕ್ಕೆ ಬಗ್ಗುವ ಇಂಜೆಕ್ಷನ್ ಇದೆ, ಆರು ವಾರ ಕೊಡಬೇಕು, ಹುಡುಗ ಉಳಿಯುತ್ತಾನೆ ಎಂದರು ಡಾಕ್ಟರು.

"ಇನ್ ಜ್ವರ ಬ್ಯಾಡ್ವಲ್ಲ ಸ್ವಾಮಿ?" ಅಜ್ಜಿ ಕೇಳಿದಳು.

"ಬೇಡಜ್ಜಿ."

"ಅಂಗಾರೆ ಕಳಿಸ್ಬುಡಿ. ಪಾಪ, ಅದೂ ಬಂದು ಎಲ್ಡ್ ದಿನ ಆತು."