ಸಾಕ್ಷಿ ಹೇಳುವ ದಾನಿಯೇಲಪ್ಪ

ಜೇವರ್ಗಿಯ ಟೇಲರ್ ದಾನಿಯೇಲಪ್ಪನಷ್ಟು ದೊಡ್ಡ ಪಾಪಿ ಸುತ್ತಲ ಮೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಹಾಗಂತ ಅವನೇ ಹೇಳುತ್ತಾನೆ. ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ಯೇಸು ತನ್ನನ್ನು ಎಂಥ ಕೆಸರಿನಿಂದ ಎತ್ತಿದನೆಂದು ಸಾಕ್ಷಿ ಹೇಳುವುದೆಂದರೆ ಅವನಿಗೆ ಹೋಳಿಗೆ ಉಂಡಷ್ಟು ಖುಷಿ. ಜೇವರ್ಗಿಯಲ್ಲಿ ಗುರುತಿನವರಿದ್ದಾರೆ, ಹಾಗಾಗಿ ಅಲ್ಲಿ ಬರೀ ಕುಡುಕನಾಗಿದ್ದವನು. ಅಫಜಲಪುರಕ್ಕೆ ಹೋದರೆ ಜೂಜುಕೋರನೂ ಆಗುತ್ತಾನೆ. ಆಳಂದ ಮುಟ್ಟುವ ಹೊತ್ತಿಗೆ ಕೈಗೆ ಕೊಡಲಿ ಬಂದಿರುತ್ತದೆ. "ಒಬ್ಬನ ಜೀವಾನೇ ತಗದಿದ್ದೆರಿ. ಆದ್ರೂ ದೇವ್ರು ಮಾಫ್ ಮಾಡ್ಯಾನ," ಎಂದು ಕರವಸ್ತ್ರ ಹುಡುಕುತ್ತಾನೆ, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಸಲಿಗೆ ಈ ಕೊಲೆಗಾರ ಹೊಲಿದು ಉಳಿದ ಗೇಣು ಬಟ್ಟೆಯನ್ನೂ ಗಿರಾಕಿಗೆ ಮರಳಿಸುವವನು, ಕೋಳಿ ಕೊಯ್ಯಲು ಪಕ್ಕದ ಮನೆಯವರನ್ನು ಕರೆಯುವವನು. "ಇಷ್ಟೆಲ್ಲಾ ಯಾವಾಗ ಮಾಡಿದ್ರಿ? ನನಗ ಹೇಳೇ ಇಲ್ಲಲ್ಲ," ಎಂದು ಹೆಂಡತಿ ಮಾರ್ತಮ್ಮ ಕೇಳಿದರೆ, "ಸಣ್ಣ ಪಾಪಿ ಮಾತು ಯಾರ್ ಕೇಳ್ತಾರ ಬೇ," ಅನ್ನುತ್ತಾನೆ. ಮೊನ್ನೆ ಆಳಂದದ ಕೂಟ ಮುಗಿದ ಮೇಲೆ, ಜೈಲಿನಿಂದ ಬಿಡುಗಡೆಯಾಗಿ ಬಂದ ಮುದುಕನೊಬ್ಬ ಅವನ ಎರಡೂ ಕೈ ಹಿಡಿದುಕೊಂಡ. "ನಾ ಒಡಹುಟ್ಟಿದ ತಮ್ಮನ್ನ ಕೊಂದಾಂವ್ರಿ. ದೇವ್ರು ಮಾಫ್ ಮಾಡ್ತಾನಂತ ಪಾಸ್ಟರ್ ಹೇಳಿದ್ರೂ ನಂಬಿಕಿ ಬರ್ಲಿಲ್ಲ. ನೀವು ಮಾಡಿದವರು, ನಿಮ್ಮ ಮಾತು ನಂಬ್ತೇನಿ. ನಿಮಗ ಮಾಫ್ ಆಗ್ಯಾದಂದ್ರ ನನಗೂ ಆಗ್ತದಲ್ರಿ?" ದಾನಿಯೇಲಪ್ಪ, "ಆಗ್ತದ," ಅಂದ. ಮೂರು ತಾಲೂಕು ತಿರುಗಿ ಕೊನೆಗೂ ಅವನಿಗೆ ನಿಜವಾದ ಪಾಪವೊಂದು ಸಿಕ್ಕಿತ್ತು. ಅದೊಂದನ್ನು ಮಾತ್ರ ಯಾರ ಮುಂದೆಯೂ ಹೇಳುವಂತಿರಲಿಲ್ಲ.